ಮೇಲಿಂದ ಬನ್ನಿ

"ಕಲ್ಲು! ಕಲ್ಲು ನೋಡ್ಕೊಂಡು!" ಎಂದು ಗಾರೆ ಮಾವ ಕೂಗುವಷ್ಟರಲ್ಲಿ, ಶವಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟಿದ್ದ ಅಣ್ಣನ ಕಾಲು ಬಾಗಿಲ ಮುಂದಿನ ಮೆಟ್ಟಿಲುಗಲ್ಲಿನ ಮೇಲೆ ಬಿದ್ದಾಗಿತ್ತು. ಕಲ್ಲು ತನ್ನ ಮೂವತ್ತು ವರ್ಷದ ಚಾಳಿ ಬಿಡದೆ ಡಗ್ಗೆಂದು ಒಂದು ಪಕ್ಕಕ್ಕೆ ವಾಲಿತು. ಅಣ್ಣ ವಾಲಿದ. ಪೆಟ್ಟಿಗೆ ವಾಲಿತು. ಬದುಕಿರುವ ತನಕ ಯಾರ ಮಾತಿಗೂ ವಾಲದ ಅಪ್ಪ, ಊರಿನ ಹಾರೆ ಮೇಸ್ತ್ರಿ, ಒಳಗೇ ಒಂದಿಷ್ಟು ಎಡಕ್ಕೆ ಜರುಗಿದ ಸದ್ದು ಎಲ್ಲರ ಕಿವಿಗೂ ಬಿತ್ತು.

"ಬ್ರೇಕ್, ಬ್ರೇಕ್!" ಎಂದ ಅಣ್ಣ. ಡ್ರೈವಿಂಗ್ ಸ್ಕೂಲು ನಡೆಸುವವನ ಬಾಯಲ್ಲಿ ಆಪತ್ತಿಗೆ ಮೊದಲು ಬರುವುದು ಅದೇ. ದೇವರ ಹೆಸರು ಆಮೇಲೆ.

ಆರೂ ಜನ ನಿಂತರು. ಗಾರೆ ಮಾವ ಬಗ್ಗಿ ಕಲ್ಲಿನ ತಗ್ಗಿದ ಬದಿಗೆ ತಮ್ಮ ಚಪ್ಪಲಿಯನ್ನೇ ತುರುಕಿದರು. "ಊರವರ ಮನೆಯನ್ನೆಲ್ಲ ಅಲ್ಲಾಡಿಸಿದ ಮಹಾರಾಯ, ತನ್ನ ಮನೆ ಕಲ್ಲೊಂದು ಕೂರಿಸಲಿಲ್ಲ ನೋಡು. ಒಂದು ಬಾಂಡ್ಲಿ ಗಾರೆ ಸಾಕಿತ್ತು. ಎಷ್ಟು ಸಲ ಕಲಸ್ಕೊಂಡು ಬಂದಿದೀನಿ! ವಾಪಸ್ ಕಳಿಸೋನು."

"ನನ್ನ ಕೇಳಿ," ಎಂದರು ಹಿಂದಿನಿಂದ ಅಮ್ಮ, ಅಳುವನ್ನು ಸ್ವಲ್ಪ ಪಕ್ಕಕ್ಕಿಟ್ಟು. "ಬಡ್ಕೊಂಡೂ ಬಡ್ಕೊಂಡೂ ನನ್ನ ಬಾಯಿ ಸವೀತು. ಹಳೇ ಮನೆ ಕೆಡವಿದಾಗ ಹೊತ್ಕೊಂಡು ಬಂದ ಕಲ್ಲು. 'ಗಾರೆ ಬೇಡ, ಅದು ಇಲ್ಲಿ ತಂಗಿದೆ ಅಷ್ಟೇ' ಅನ್ನೋರು. ಕಲ್ಲೇನು ನೆಂಟರಾ, ತಂಗೋಕೆ? ಆಗಾಗ ಹಾರೆ ಹಾಕಿ ಎತ್ತಿ ಕೆಳಗೆ ಬಗ್ಗಿ ನೋಡೋರು. 'ಏನಿದೆ ಅಲ್ಲಿ?' ಅಂದ್ರೆ 'ಇರುವೆ' ಅನ್ನೋರು. ಕಟ್ಕೊಂಡ ಹೆಂಡತಿ ಮುಖ ಅಷ್ಟು ಸಲ ನೋಡಿದ್ರೋ ಇಲ್ವೋ."

ಯಾರೋ ನಕ್ಕರು. ಸಾವಿನ ಮನೆಯ ನಗು. ಅರ್ಧ ಬಂದು ಅರ್ಧ ವಾಪಸು ಹೋಯಿತು. ಪೆಟ್ಟಿಗೆ ಬೀದಿಗಿಳಿಯಿತು.

ಮಗಳು ಅಮ್ಮನ ತೋಳು ಹಿಡಿದು ಹಿಂದೆ ನಡೆದಳು. ನಲವತ್ತೊಂದು ವರ್ಷವಾದರೂ ಮನೆಯವರಿಗೆ ಅವಳು ಗಿಳಿ. ಚಿಕ್ಕಂದಿನಿಂದ ಯಾರ ದನಿಯನ್ನು ಕೇಳಿದರೂ ಹಾಗೇ ತಿರುಗಿ ಒಪ್ಪಿಸುತ್ತಿದ್ದುದರಿಂದ ಬಂದ ಹೆಸರು. ಈಗ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಮೈಕಿನಲ್ಲಿ "ಟೋಕನ್ ನಂಬರ್ ಮೂವತ್ತೇಳು, ಎರಡನೇ ಕೋಣೆ" ಎಂದು ಕರೆಯುವುದು ಅವಳ ಕೆಲಸ. ಕರೆದರೆ ಜನ ಎದ್ದು ಬರುತ್ತಾರೆ.

ಬೆಳಿಗ್ಗೆ ಕ್ರೈಸ್ತ ಸಭೆಯ ಪಾಲಕರು ಅವಳನ್ನು ಪಕ್ಕಕ್ಕೆ ಕರೆದು ಕೇಳಿದ್ದರು. ಊರಿಗೆ ಬಂದು ಏಳು ತಿಂಗಳಾದ, ಇನ್ನೂ ಗಡ್ಡ ಸರಿಯಾಗಿ ತುಂಬದ ಪಾಲಕರು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಹಾಸಿಗೆ ಹಿಡಿಯೋ ಮುಂಚೆ ನಿಮ್ಮ ತಂದೆಯವರನ್ನ ನಾನು ನೋಡಿದ್ದು ಪ್ರಾರ್ಥನೆ ಹೊತ್ತಲ್ಲಿ ಬಾಗಿಲ ಹೊರಗಡೆ, ಮೆಟ್ಟಿಲ ಮೇಲೆ. ಒಳಗೆ ಬಂದು ಕೂತಿದ್ದೇ ಇಲ್ಲ. ಅವರ ನಂಬಿಕೆ ಬಗ್ಗೆ ಒಂದು ಮಾತು ಹೇಳಿ. ಮಣ್ಣು ಹಾಕೋ ಮುಂಚೆ ನಾನು ಹೇಳ್ಬೇಕಲ್ಲ."

ಗಿಳಿ ನೆನಪು ಕೆದಕಿದಳು. ದೊಡ್ಡವಳಾದ ಮೇಲೆ ಅಪ್ಪ ಪ್ರಾರ್ಥಿಸಿದ್ದನ್ನು ಅವಳು ಕಂಡಿರಲಿಲ್ಲ, ಹಾಡಿದ್ದನ್ನು ಕೇಳಿರಲಿಲ್ಲ. ವಾರವಾರವೂ ಶುಭ್ರವಾದ ಅಂಗಿ ತೊಟ್ಟು ಹೋಗಿ, ಹೊರಗೆ ನಿಂತು, ವಾಪಸು ಬಂದದ್ದನ್ನು ಮಾತ್ರ ಕಂಡಿದ್ದಳು. ಅದಕ್ಕೆ ಯಾವ ಹೆಸರು?

ಕೊನೆಗೆ ಗುಂಡಿಯ ಅಂಚಿನಲ್ಲಿ ನಿಂತ ಪಾಲಕರು "ಮೌನವಾಗಿ ನಂಬಿದವರು" ಎಂದರು. ಗಿಳಿಯ ಕಿವಿಗೆ ಅದು 'ವಿಷಯ ಗೊತ್ತಿಲ್ಲ' ಎಂಬುದರ ಒಗೆದು ಇಸ್ತ್ರಿ ಮಾಡಿದ ರೂಪದಂತೆ ಕೇಳಿಸಿತು. ತಪ್ಪು ಅವರದಲ್ಲ. ಮಗಳೇ ಕೊಡದ ಮಾತನ್ನು ಅವರು ಎಲ್ಲಿಂದ ತರಬೇಕು?

ಮಣ್ಣು ಹಾಕಿ ತಿರುಗುವಾಗ ಅಣ್ಣ ಗಡಿಯಾರ ನೋಡಿಕೊಂಡ. "ನಾಲ್ಕಕ್ಕೆ ಗುಜರಿ ಲಾರಿ ಬರತ್ತೆ, ಗಿಳಿ. ಶೆಡ್ಡು ಖಾಲಿ ಮಾಡ್ಬೇಕು."

"ಇವತ್ತೇನಾ?"

"ತಿಂಗಳ ಹಿಂದೆ ಕೊಟ್ಟ ಮಾತು. ಸಂಜೆ ಶೆಡ್ಡಿನ ಓನರು ಬೀಗದ ಕೈ ಕೇಳ್ತಾರೆ, ನಾಳೆ ಬೇರೆಯವರು ಬರ್ತಾರೆ. ಲಾರಿಯವನಿಗೆ ಅಪ್ಪ ಹೋಗೋದು ಗೊತ್ತಿರಲಿಲ್ಲ, ಅಪ್ಪನಿಗೆ ಲಾರಿ ಬರೋದು ಗೊತ್ತಿರಲಿಲ್ಲ. ನಾನೇನ್ ಮಾಡ್ಲಿ? ಒಡೆದ ಮನೆಗಳ ಮುರುಕು. ಅದರಲ್ಲಿ ಏನಿದೆ?"

ಏನಿದೆ ಎಂಬುದು ಗಿಳಿಗೂ ಗೊತ್ತಿರಲಿಲ್ಲ.

*

ಅಪ್ಪನ ಕಸುಬು ಹಳೆಯ ಮನೆ ಕೆಡವುವುದು. ಕೈಯಲ್ಲಿ ಸದಾ ಕಬ್ಬಿಣದ ಹಾರೆ. ಜೊತೆಯವರೊಬ್ಬರದು ಗಾರೆ, ಅವರು ಕಟ್ಟುವವರು. ಹಾರೆ ಮೇಸ್ತ್ರಿ, ಮಕ್ಕಳ ಬಾಯಲ್ಲಿ ಗಾರೆ ಮಾವನಾದ ಗಾರೆ ಮೇಸ್ತ್ರಿ, ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿ ಒಂದೇ ಬೀದಿಯಲ್ಲಿ ಬೆಳೆದವರು. "ಇವನು ಕೆಡವದಿದ್ರೆ ನನಗೆ ಜಾಗ ಇಲ್ಲ, ನಾನು ಕಟ್ಟದಿದ್ರೆ ಇವನಿಗೆ ಮುಂದಿನ ಕೆಲಸ ಇಲ್ಲ" ಎಂದು ಗಾರೆ ಮಾವ ಹೇಳಿದರೆ ಅಪ್ಪ ತುಟಿಯ ಒಂದೇ ಬದಿಯಲ್ಲಿ ನಗುತ್ತಿದ್ದರು.

ಗಿಳಿಗೆ ಎಂಟು ವರ್ಷವಿದ್ದಾಗ ಅಮ್ಮ ಬುತ್ತಿ ಕೊಟ್ಟು ಕಳಿಸುತ್ತಿದ್ದರು. ಎರಡಂತಸ್ತಿನ ಮನೆಯ ಎದುರು ನಿಂತು ಅಪ್ಪ ಕೂಗುತ್ತಿದ್ದರು: "ಮೇಲಿಂದ ಬನ್ರೋ! ಮೇಲಿಂದ!" ಆ ಕೂಗಿಗೆ ಒಂದು ರಾಗವಿತ್ತು. ಮೊದಲ 'ಮೇ' ಚಾವಣಿಯಷ್ಟು ಎತ್ತರಕ್ಕೆ ಹೋಗಿ, ಕೊನೆಯ 'ದ' ಬಂದು ನೆಲಕ್ಕೆ ಕೂರುತ್ತಿತ್ತು. ಕೂಗುವಾಗ ಬಲಗೈಯ ತೋರುಬೆರಳು ಆಕಾಶಕ್ಕೆ ಏರಿ ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಒಂದು ದಿನ ಅಪ್ಪ ಗೋಡೆಯ ಹಿಂದೆ ಹೋದಾಗ ಗಿಳಿ ಅದೇ ದನಿಯಲ್ಲಿ "ಮೇಲಿಂದ ಬನ್ರೋ!" ಎಂದಳು. ಕೆಳಗಿನ ಗೋಡೆಗೆ ಕೈಹಾಕಿದ್ದ ನಾಲ್ಕು ಜನ ಆಳುಗಳು ಬೆಚ್ಚಿಬಿದ್ದು ಏಣಿ ಹತ್ತಿದರು. ಅಪ್ಪ ಓಡಿ ಬಂದರು, ಕಣ್ಣು ಕೆಂಪು ಮಾಡಿದರು, ಆಮೇಲೆ ನಕ್ಕುಬಿಟ್ಟರು.

"ನನ್ನ ಕೂಗು ಕದ್ದಿದೀಯ. ಅರ್ಥ ಗೊತ್ತೇನೆ?"

"ಇಲ್ಲ."

"ಕಟ್ಟಿದವನು ಕೊನೇಲಿ ಇಟ್ಟಿದ್ದನ್ನ ನಾವು ಮೊದಲು ತೆಗೀಬೇಕು. ಅವನು ನಡೆದ ಹೆಜ್ಜೆ ಮೇಲೇ ಹಿಂದಕ್ಕೆ ನಡ್ಕೊಂಡು ಬರ್ಬೇಕು. ಅಡ್ಡದಾರಿ ಹಿಡಿದ್ರೆ ಮನೆ ತಲೆ ಮೇಲೆ ಬೀಳತ್ತೆ."

"ಎಲ್ಲಕ್ಕಿಂತ ಕೊನೇಗೆ ಏನು ತೆಗೀತೀರ?"

"ಮುಂಬಾಗಿಲ ಮೆಟ್ಟಿಲು. ತಳಪಾಯ ಕಿತ್ತರೂ ಮೆಟ್ಟಿಲು ಬಿಡ್ತೀನಿ. ಯಾರಾದ್ರೂ ಒಬ್ಬರು ವಾಪಸ್ ಬಂದು ಒಂದ್ ಗಳಿಗೆ ಕೂರ್ತಾರೆ. ಕೂತು ಅತ್ತು ಎದ್ದು ಹೋದಮೇಲೆ ತೆಗೀತೀನಿ."

*

ಮನೆಯಲ್ಲಿ ಟೀ ಲೋಟಗಳು ಸುತ್ತು ಬಂದವು. ಸಭೆಯಿಂದ ತಂದ ಮಡಚು ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟಿದವು. ಅಪ್ಪ ಕೊನೆಯ ಎರಡು ತಿಂಗಳು ಕಳೆದ ಮಂಚದ ಮೇಲೆ ಈಗ ಬಂದವರ ಚೀಲಗಳಿದ್ದವು.

"ಮಾತು ನಿಂತಿತ್ತಲ್ಲ ಪಾಪ," ಎಂದರು ಪಾಲಕರು.

"ಬಲಗಡೆ ಪೂರ್ತಿ ಹೋಗಿತ್ತು," ಎಂದರು ಅಮ್ಮ. "ಎಡಗೈ ಒಂದು ಆಡ್ತಿತ್ತು. ದಿನಾ ಬೆರಳು ಮೇಲೆ ತೋರಿಸೋರು. ನಾನು ಫ್ಯಾನ್ ಹಾಕ್ತಿದ್ದೆ. ತಲೆ ಅಲ್ಲಾಡಿಸೋರು. ಆರಿಸ್ತಿದ್ದೆ. ಮತ್ತೆ ಮೇಲೆ ತೋರಿಸೋರು. ಹಾಕಿ ಆರಿಸಿ ಸ್ವಿಚ್ಚೇ ಕಿತ್ತು ಬಂತು."

"ನನಗೂ ತೋರಿಸಿದ್ರು," ಎಂದರು ಪಾಲಕರು. "ನಾನು ಪರಲೋಕ ಅಂದ್ಕೊಂಡು ಕೈ ಹಿಡಿದು ಪ್ರಾರ್ಥನೆ ಮಾಡ್ದೆ. ಅವರು ನನ್ನ ಮುಖಾನೇ ನೋಡಿದ್ರು. ತಪ್ಪು ಉತ್ತರ ಬರೆದ ಹುಡುಗನ್ನ ಮೇಷ್ಟ್ರು ನೋಡ್ತಾರಲ್ಲ, ಹಾಗೆ."

"ನಾನು ಅಟ್ಟದ ಮೇಲೆಲ್ಲ ಹುಡುಕಿದೆ," ಎಂದ ಅಣ್ಣ. "ಎರಡು ಹಳೇ ಟಯರ್ ಸಿಕ್ತು."

ಆಗ ಮೂಲೆಯ ಕುರ್ಚಿಯಲ್ಲಿದ್ದ ಟೀಚರಮ್ಮ ಕೆಮ್ಮಿದರು. ಎಪ್ಪತ್ತು ದಾಟಿದ, ಸೀಮೆಸುಣ್ಣ ಬಿಟ್ಟು ಹದಿನೈದು ವರ್ಷವಾದರೂ ಕೆಮ್ಮಿದರೆ ಕೋಣೆ ಸುಮ್ಮನಾಗುವಂಥ ಹೆಂಗಸು. ಸಭೆಯ ಮೊದಲ ಸಾಲಿನವರು. ಈ ಮನೆಯ ಒಳಗೆ ಅವರು ಕಾಲಿಟ್ಟದ್ದು ಇವತ್ತೇ ಮೊದಲು.

"ಗಿಳಿ, ಒಂದು ಕೇಳ್ಲಾ? ರಸ್ತೆ ಅಗಲ ಮಾಡಿದಾಗ ನಮ್ಮ ಮನೆ ಒಡೆದದ್ದು ನಿಮ್ಮಪ್ಪ. ಕೆಡವೋ ದಿನ ಬೆಳಿಗ್ಗೆ ಬಂದು ನನ್ನ ಹತ್ರ ಒಂದು ಕಿಟಕಿ ಕೇಳಿದ್ರು. ನೀಲಿ ಗಾಜಿನದು. 'ಹಾಳು ಮಾಡಲ್ಲ ಟೀಚರಮ್ಮ, ಬೆಳಕು ಬರೋ ಕಡೆ ಇಡ್ತೀನಿ' ಅಂದ್ರು. ಸಿಟ್ಟಲ್ಲಿ 'ತಗೊಂಡು ಹಾಳಾಗಿ ಹೋಗು' ಅಂದಿದ್ದೆ. ಮೂವತ್ತು ವರ್ಷದಿಂದ ದಾರೀಲಿ ಹೋಗ್ತಾ ಎಲ್ಲರ ಮನೆ ಕಿಟಕಿ ನೋಡ್ತೀನಿ. ಎಲ್ಲಿಟ್ರು ಅದನ್ನ?"

"ಶೆಡ್ಡಲ್ಲಿರಬೇಕು," ಎಂದರು ಗಾರೆ ಮಾವ. "ಅಲ್ಲಿ ಕಿಟಕಿ, ಬಾಗಿಲು, ತೊಲೆ, ಹೆಂಚು ಎಲ್ಲ ಇದೆ. ಒಂದೊಂದು ಮನೆಯಿಂದ ಒಂದೊಂದು ಕೇಳ್ಕೊಂಡು ತರೋನು. ಎಲ್ಲದಕ್ಕೂ ಸೀಮೆಸುಣ್ಣದಲ್ಲಿ ನಂಬರು ಬೇರೆ! ಅಳಿಸೋದು, ಬರೆಯೋದು. 'ಯಾಕೋ ಇದು?' ಅಂದ್ರೆ 'ಇರ್ಲಿ ಬಿಡೋ' ಅನ್ನೋನು. ನಾನು ಒಂದಿನ ಒಂದನೇ ನಂಬರಿಂದ ನೋಡ್ಕೊಂಡು ಬಂದೆ. ಒಂದನೇ ನಂಬರ್ ಸೂರಿನ ನೆತ್ತಿಗೆ ಹಾಕೋ ಹಲಗೆ! ಆಮೇಲೆ ಹೆಂಚು! ಯಾವ ಮನೆಗಾದ್ರೂ ಹಲಗೆ, ಹೆಂಚಿಂದ ಶುರು ಮಾಡ್ತಾರಾ? ಇವನಿಗೆ ಎಲ್ಲೋ ಒಂದು ಇಟ್ಟಿಗೆ ಸಡಿಲ ಆಗಿದೆ ಅಂದ್ಕೊಂಡು ಸುಮ್ಮನಾದೆ."

ಮೂರು ಗಂಟೆಯಾಗಿತ್ತು. ಗಿಳಿ ಲೋಟ ಕೆಳಗಿಟ್ಟು ಎದ್ದಳು. "ಅಣ್ಣ, ಬೀಗದ ಕೈ ಕೊಡು."

"ಈಗೇನು ನೋಡ್ತೀಯ?"

"ಕಿಟಕಿ. ಲಾರಿ ಬರೋ ಮುಂಚೆ ಟೀಚರಮ್ಮನ ಕಿಟಕಿ ಹುಡುಕಿ ಕೊಡೋಣ. ಅಷ್ಟಾದ್ರೂ ಆಗ್ಲಿ."

*

ಸಭೆಗೆ ಆಗಲೂ ಈಗಲೂ ಸ್ವಂತ ಜಾಗವೆಂದರೆ ಸಮಾಧಿಗಳ ಪಕ್ಕದಲ್ಲಿ ಬೇಲಿ ಹಾಕಿದ ಒಂದು ತುಂಡು ನೆಲ. ಕೂಡುತ್ತಿದ್ದುದು ತಕ್ಕಡಿ ರಿಪೇರಿ ಅಂಗಡಿಯ ಮೇಲಿನ ಬಾಡಿಗೆಯ ಮಹಡಿಯಲ್ಲಿ. "ಕೆಳಗೆ ತೂಕ, ಮೇಲೆ ತೀರ್ಪು" ಎಂದು ಗಾರೆ ಮಾವ ತಮಾಷೆ ಮಾಡುತ್ತಿದ್ದರು.

ಗಿಳಿಗೆ ಹತ್ತು ವರ್ಷವಿದ್ದಾಗ, ರಸ್ತೆ ಅಗಲವಾದ ವರ್ಷ, ಅಪ್ಪ ಆ ಮಹಡಿಯ ಬಾಗಿಲಲ್ಲಿ ಆಗಿನ ಮುದಿ ಪಾಲಕರ ಮುಂದೆ ನಿಂತಿದ್ದರು. ಪ್ರಾರ್ಥನೆ ಮುಗಿದು ಜನ ಇಳಿದು ಹೋಗಿದ್ದರು; ಗಿಳಿ ಮಾತ್ರ ಅಪ್ಪನ ಬೆನ್ನ ಹಿಂದಿದ್ದಳು.

"ಅಯ್ಯನೋರೆ, ದೇವರ ಮನೆ ನಾನು ಕಟ್ತೀನಿ. ಕೈಯ್ಯಾರೆ."

ಮುದುಕರು ಪುಸ್ತಕ ಮುಚ್ಚಿದರು. "ಹೋದ ವಾರ ನೀನು ಹೇಳಿದ್ಮೇಲೆ ಸಭೇಲಿ ಕೇಳ್ದೆ ಮಗ. ಒಪ್ಪಲಿಲ್ಲ. ಒಡೆಸಿಕೊಂಡವರು ಅಲ್ಲೇ ಕೂತಿದಾರೆ. ನಿನ್ನ ಕೈ ನೋಡಿದ್ರೆ ಅವರಿಗೆ ತಮ್ಮ ಗೋಡೆ ಬಿದ್ದ ಸದ್ದು ಕೇಳತ್ತೆ."

"ಮೊದಲು ನನ್ನ ಮನೇನೇ ಕೆಡವಿದೆ, ಅಯ್ಯನೋರೆ. ಆಮೇಲೆ ಅವರದ್ದು."

"ನಂಗೊತ್ತು. ಅವರಿಗೆ ಗೊತ್ತಾಗೋಕೆ ಕಾಲ ಬೇಕು." ಮುದುಕರು ಮೆಟ್ಟಿಲ ಮೇಲೆ ಕುಳಿತರು; ಅಪ್ಪನನ್ನೂ ಕೂರಿಸಿಕೊಂಡರು. "ಹಿಂದೆ ಒಬ್ಬ ಅರಸ ಇದ್ದ. ಕುರಿ ಕಾಯ್ತಿದ್ದೋನು ಸಿಂಹಾಸನ ಏರಿದ್ದ. ದೇವರಿಗೆ ಒಂದು ಮನೆ ಕಟ್ಬೇಕು ಅಂತ ಅವನಿಗೂ ಆಸೆ ಹುಟ್ತು. 'ನೀನು ಬೇಡ, ನಿನ್ನ ಕೈಯಲ್ಲಿ ಯುದ್ಧದ ರಕ್ತ ಇದೆ, ನಿನ್ನ ಮಗ ಕಟ್ಲಿ' ಅಂತ ಉತ್ತರ ಬಂತು."

"ಆಮೇಲೆ ಅವನೇನು ಮಾಡ್ದ?" ಎಂದು ಅಪ್ಪ ಕೇಳಿದರು. ಅಪ್ಪನ ದನಿ ಅಷ್ಟು ಸಣ್ಣದಾದದ್ದನ್ನು ಗಿಳಿ ಅದುವರೆಗೆ ಕೇಳಿರಲಿಲ್ಲ. ಅದನ್ನು ಅವಳು ಎಂದೂ ಅನುಕರಿಸಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಅಮ್ಮ "ಗಿಳೀ, ಚಪ್ಪಲಿ ಎಲ್ಲೇ?" ಎಂದು ಕರೆದರು. ಗಿಳಿ ಓಡಿದಳು. ಅರಸ ಏನು ಮಾಡಿದ ಎಂಬುದು ಮೆಟ್ಟಿಲ ಮೇಲೇ ಉಳಿಯಿತು.

ಮುಂದಿನ ವಾರದಿಂದ ಅಪ್ಪ ಒಳಗೆ ಕೂರಲಿಲ್ಲ.

*

ಗಿಳಿಯ ಜೊತೆ ಅಣ್ಣ, ಗಾರೆ ಮಾವ, ಟೀಚರಮ್ಮ, ಪಾಲಕರೂ ಬಂದರು. ಶೆಡ್ಡಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಹಳೆಯ ಮರದ ವಾಸನೆ. ಮುರುಕಿನ ರಾಶಿ ನಿರೀಕ್ಷಿಸಿದ್ದ ಗಿಳಿ ಬಾಗಿಲಲ್ಲೇ ನಿಂತಳು. ಒಳಗೆ ಎಲ್ಲವೂ ಸಾಲಾಗಿತ್ತು. ತೊಲೆಗಳಿಗೆ ಎಣ್ಣೆ ಹಚ್ಚಿತ್ತು. ಹೆಂಚುಗಳನ್ನು ಕಟ್ಟುಕಟ್ಟಾಗಿ ಹಗ್ಗದಲ್ಲಿ ಬಿಗಿದಿತ್ತು. ಬಾಗಿಲುವಾಡಗಳು ಗೋಡೆಗೆ ಒರಗಿ, ಫೋಟೋ ತೆಗೆಸಿಕೊಳ್ಳಲು ನಿಂತ ಕುಟುಂಬದಂತೆ, ಎತ್ತರದವು ಹಿಂದೆ, ಗಿಡ್ಡವು ಮುಂದೆ. ಪ್ರತಿಯೊಂದರ ಮೇಲೂ ಬಿಳಿಯ ಅಂಕಿ, ಅದರ ಹಿಂದೆ ಅಳಿಸಿದ ಅಂಕಿಗಳ ಮಂಜು.

"ಗುಜರಿ ಹೀಗಿರತ್ತಾ?" ಎಂದರು ಪಾಲಕರು, ಯಾರನ್ನೂ ನೋಡದೆ.

ಟೀಚರಮ್ಮ ಕಂಬಳಿ ಸುತ್ತಿದ್ದ ಕಿಟಕಿಗಳ ಸಾಲಿಗೆ ನೇರವಾಗಿ ಹೋದರು. ನಾಲ್ಕನೆಯ ಕಂಬಳಿ ಸರಿಸಿದಾಗ ನೀಲಿ ಗಾಜಿನ ಮೇಲೆ ಬೆಳಕು ಬಿತ್ತು. ಕೆಳಗಿನ ಗಾಜಿನ ಸೀಳಿಗೆ ಯಾರೋ ಬಹಳ ತಾಳ್ಮೆಯಿಂದ ಅಂಟು ತುಂಬಿದ್ದರು. ಚೌಕಟ್ಟಿನ ಮೇಲೆ ಅರವತ್ತೆಂಟು ಎಂದಿತ್ತು.

"ನನ್ನ ಚಿಕ್ಕ ಮಗ ಚೆಂಡು ಹೊಡೆದ ಸೀಳು," ಎಂದರು ಟೀಚರಮ್ಮ. ಬೆರಳಿನಿಂದ ಅದನ್ನು ಸವರಿ, ಕೈ ತೆಗೆಯದೆ ನಿಂತರು. ಆಮೇಲೆ ಹೇಳಿದರು: "ಸಭೇಲಿ ನಿಮ್ಮಪ್ಪ ಕಟ್ಟೋದು ಬೇಡ ಅಂದದ್ದು ನಾನೇ, ಗಿಳಿ. ಮೊದಲು ಎದ್ದು ನಿಂತು ಹೇಳಿದ್ದು ನಾನು. 'ಆ ಕೈ ಇಟ್ಟ ಗೋಡೆ ಒಳಗೆ ನಾನು ಕೂರಲ್ಲ' ಅಂದಿದ್ದೆ."

ಗಾರೆ ಮಾವನಂಥವರೂ ತಮಾಷೆ ನುಂಗಿದರು.

ಹೊರಗೆ ಲಾರಿಯ ಹಾರನ್ನು ಕೇಳಿಸಿತು. ನಾಲ್ಕಕ್ಕೆ ಇನ್ನೂ ಕಾಲು ಗಂಟೆಯಿತ್ತು. ಅಣ್ಣ ಹೊರಗೆ ಹೋಗಿ ಚಾಲಕನ ಜೊತೆ ಬಂದ. ಚಾಲಕ ಹಲ್ಲಿನ ಸಂದಿಗೆ ಕಡ್ಡಿ ಸಿಕ್ಕಿಸಿಕೊಂಡು ಶೆಡ್ಡನ್ನೊಮ್ಮೆ ಅಳೆದ. "ಒಳ್ಳೇ ಮಾಲು ಸ್ವಾಮಿ. ಮರ ಒಂದ್ಕಡೆ, ಕಬ್ಬಿಣ ಒಂದ್ಕಡೆ ಹಾಕ್ಲಾ? ಗಾಜು ಒಡ್ದು ಹಾಕ್ತೀನಿ, ಜಾಗ ತಿನ್ನತ್ತೆ."

"ಒಂದ್ನಿಮಿಷ!" ಎಂದಳು ಗಿಳಿ.

"ಗಿಳಿ, ಕಿಟಕಿ ಸಿಕ್ತಲ್ಲ," ಎಂದ ಅಣ್ಣ. "ಟೀಚರಮ್ಮ ತಗೊಂಡು ಹೋಗ್ಲಿ. ಮಿಕ್ಕಿದ್ದು ಹೋಗ್ಲಿ ಬಿಡು. ಅಪ್ಪಂದು ಒಂದು ಹುಚ್ಚು. ನೀನು ನೋಡ್ತಾ ನಿಂತ್ರೆ ಅದಕ್ಕೆ ಅರ್ಥ ಬರತ್ತಾ?"

ಗಿಳಿಗೆ ಬೆಳಗಿನ ಪ್ರಶ್ನೆ ನೆನಪಾಯಿತು. ಒಂದು ಮಾತು ಹೇಳಿ, ಅಕ್ಕ. ಅವಳು ಅಂಕಿಗಳನ್ನು ನೋಡಿದಳು. ದಿನವಿಡೀ ಅಂಕಿ ಕರೆಯುವವಳಿಗೆ ಇಲ್ಲಿ ಯಾವುದನ್ನು ಮೊದಲು ಕರೆಯಬೇಕೆಂದು ತೋಚಲಿಲ್ಲ. ಒಂದನೇ ನಂಬರು ಹಲಗೆ. ಮುನ್ನೂರರ ಆಚೆಗಿನವೆಲ್ಲ ಮೂಲೆಯಲ್ಲಿ ಬಿದ್ದ ದಪ್ಪ ಕಲ್ಲುಗಳು.

ಚಾಲಕನಿಗೆ ಕಾಯುವ ವ್ಯವಧಾನವಿರಲಿಲ್ಲ. ಬಾಗಿಲ ಬಳಿಯಿದ್ದ ಬಾಗಿಲುವಾಡಗಳ ಸಾಲಿನಲ್ಲಿ ಎಲ್ಲಕ್ಕಿಂತ ಹಿಂದಿನದನ್ನು ಹಿಡಿದು ಎಳೆದ. ಒರಗಿದ್ದವೆಲ್ಲ ಒಮ್ಮೆಲೇ ಕಿರ್ರೆಂದು ಮುಂದಕ್ಕೆ ಬಾಗಿದವು.

"ಮೇಲಿಂದ ಬನ್ರೋ! ಮೇಲಿಂದ!"

ಚಾಲಕ ಕೈಬಿಟ್ಟು ಹಿಂದೆ ಹಾರಿದ. ಗಾರೆ ಮಾವ ಬೆಚ್ಚಿ ಶೆಡ್ಡಿನ ಬಾಗಿಲ ಕಡೆ ತಿರುಗಿದರು. ದನಿ ಹಾರೆ ಮೇಸ್ತ್ರಿಯದು, 'ಮೇ' ಚಾವಣಿಗೆ ಏರಿ 'ದ' ನೆಲಕ್ಕೆ ಕೂತ ಅದೇ ದನಿ. ಕೂಗಿದ್ದು ಮಾತ್ರ ಗಿಳಿ. ಅವಳಿಗೇ ಗೊತ್ತಿಲ್ಲದೆ ಅವಳ ಬಲಗೈ ಎದ್ದಿತ್ತು. ತೋರುಬೆರಳು ಮೇಲಿನಿಂದ ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಅರ್ಧ ದಾರಿಯಲ್ಲಿ ಬೆರಳು ನಿಂತಿತು.

"ಅಣ್ಣ," ಎಂದಳು ತನ್ನದೇ ದನಿಯಲ್ಲಿ. "ಅಪ್ಪ ತೋರಿಸ್ತಿದ್ದದ್ದು ಫ್ಯಾನ್ ಅಲ್ಲ."

"ಮತ್ತೆ?"

"ಮೇಲಿಂದ. ಮೇಲಿಂದ ಬನ್ನಿ ಅಂತ. ಮಾವ, ನೀವು ಒಂದರಿಂದ ಕಟ್ಟೋಕೆ ಹೋದ್ರಿ. ಅಪ್ಪ ಕಟ್ಟೋರಲ್ಲ, ಕೆಡವೋರು. ಕೆಡವೋರ ಒಂದು ಎಲ್ಲಿರತ್ತೆ?"

ಗಾರೆ ಮಾವನ ಬಾಯಿ ತೆರೆದುಕೊಂಡಿತು. "ನೆತ್ತಿ ಮೇಲೆ." ಅವರು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. "ಅಯ್ಯೋ ನನ್ನ ಗಾರೆ ತಲೆಯೇ! ಒಂದು ನೆತ್ತಿ ಹಲಗೆ. ಆಮೇಲೆ ಹೆಂಚು. ಆಮೇಲೆ ತೊಲೆ..." ಅವರು ಸಾಲಿನುದ್ದಕ್ಕೂ ಓಡಿದರು, ಎಪ್ಪತ್ತರ ಹತ್ತಿರದ ಮನುಷ್ಯ ಅಂಕಿಯಿಂದ ಅಂಕಿಗೆ ಕುಪ್ಪಳಿಸಿದರು. "ಕಿಟಕಿ, ಅರವತ್ತೈದರಿಂದ ಎಪ್ಪತ್ತಾರು. ಒಂದೊಂದು ಪಕ್ಕಕ್ಕೆ ಆರು. ಬಾಗಿಲುವಾಡ. ಕಂಬ. ನೆಲದ ಕಲ್ಲು. ಮುನ್ನೂರರ ಮೇಲೆ ತಳಪಾಯ. ಮುನ್ನೂರ ಹನ್ನೊಂದು, ಮೂಲೆಗಲ್ಲು. ಇದು ಸಾಮಾನಲ್ಲ ಕಣೋ. ಇದು ಮನೆ! ಕಟ್ಟೋ ಮುಂಚೇನೇ ಕೆಡವಿ, ನಂಬರ್ ಹಾಕಿ ಇಟ್ಟಿದಾನೆ! ಹಿಂದಿಂದ ಬಂದ್ರೆ ಸಾಕು, ಕಣ್ಣು ಮುಚ್ಕೊಂಡು ಕಟ್ಬಹುದು!"

"ಯಾರ ಮನೆ?" ಎಂದ ಅಣ್ಣ.

ಗಿಳಿ ಪಾಲಕರ ಕಡೆ ತಿರುಗಿದಳು. "ಅಯ್ಯನೋರೆ, ದೇವರ ಮನೆ ಕಟ್ಟಬೇಡ ಅನ್ನಿಸ್ಕೊಂಡ ಒಬ್ಬ ಅರಸ ಇದ್ನಲ್ಲ, ಕುರಿ ಕಾಯ್ತಿದ್ದೋನು. ಆಮೇಲೆ ಅವನು ಏನು ಮಾಡ್ದ?"

ಪಾಲಕರು ತೊಲೆಗಳನ್ನು ನೋಡಿದರು, ಕಲ್ಲುಗಳನ್ನು ನೋಡಿದರು.

"ಕೂಡಿಸಿಟ್ಟ," ಎಂದರು. "ಕಲ್ಲು, ಮರ, ಕಬ್ಬಿಣ. ಬಾಗಿಲಿಗೆ ಬೇಕಾದ ಮೊಳೆ ಕೂಡ. ಸಾಯೋ ಮುಂಚೆ ಎಲ್ಲ ಮಗನ ಕೈಗೆ ಕೊಟ್ಟ."

ಎಲ್ಲರ ಕಣ್ಣೂ ಅಣ್ಣನ ಮೇಲೆ ಬಿದ್ದವು. ಅಣ್ಣ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡ. "ನನ್ನ ಯಾಕೆ ನೋಡ್ತೀರ? ನನಗೆ ಕ್ಲಚ್ಚು, ಗೇರು ಬಿಟ್ರೆ ಏನು ಗೊತ್ತು?"

"ಗಾರೆ ನನಗೆ ಗೊತ್ತು," ಎಂದರು ಗಾರೆ ಮಾವ.

"ಜಾಗ ಇದೆ," ಎಂದರು ಪಾಲಕರು. "ಸಭೆ ಒಪ್ಪಬೇಕು, ಅಷ್ಟೇ."

"ನಾನು ಎದ್ದು ನಿಂತು ಹೇಳ್ತೀನಿ," ಎಂದರು ಟೀಚರಮ್ಮ. ಕಿಟಕಿಯ ಮೇಲೆ ಕಂಬಳಿಯನ್ನು ಮತ್ತೆ ಹೊದಿಸಿ, ಮಲಗಿದ ಮಗುವಿಗೆ ಮಾಡುವಂತೆ ಅಂಚು ಒತ್ತಿದರು. "ಇದು ನನಗೆ ಬೇಡ. ಅರವತ್ತೆಂಟು ಎಲ್ಲಿ ಬರತ್ತೋ ಅಲ್ಲಿಗೆ ಬರ್ಲಿ."

ಚಾಲಕ ಬಾಯಿಂದ ಕಡ್ಡಿ ತೆಗೆದ. "ನನ್ನ ಲಾರಿ ಕತೆ ಏನು ಸ್ವಾಮಿ?"

ಅಣ್ಣ ಮೂಗು ಒರೆಸಿಕೊಂಡ. ಬೆಳಗಿನಿಂದ ಅವನು ಅತ್ತಿರಲಿಲ್ಲ. ಈಗಲೂ ಅತ್ತದ್ದೆಂದು ಯಾರೂ ಹೇಳುವಂತಿರಲಿಲ್ಲ. "ನಿನ್ನ ಲಾರಿ ಬಾಡಿಗೆ ನಂದು. ರಿವರ್ಸ್ ತಗೋ. ಸಮಾಧಿ ಪಕ್ಕದ ಬೇಲಿ ಜಾಗ. ದೊಡ್ಡ ನಂಬರಿಂದ ತುಂಬು. ಮುನ್ನೂರ ಹನ್ನೊಂದು ಮೊದಲು."

"ಮುನ್ನೂರ ಹನ್ನೊಂದು ಮೊದಲಲ್ಲ," ಎಂದಳು ಗಿಳಿ.

"ಅದೇ ಕಣೇ ದೊಡ್ಡದು. ಅದರ ಮೇಲೆ ಇಲ್ಲ. ನೋಡು ಬೇಕಾದ್ರೆ."

"ಮೂಲೆಗಲ್ಲು ಅಪ್ಪನ ಕೊನೇದಲ್ಲ. ತಳಪಾಯ ಕಿತ್ತರೂ ಒಂದನ್ನ ಬಿಡೋರು. ಮುಂಬಾಗಿಲ ಮೆಟ್ಟಿಲು."

ಐವರೂ ಹುಡುಕಿದರು. ಕಲ್ಲುಗಳ ಹಿಂದೆ, ತೊಲೆಗಳ ಅಡಿ, ಕಂಬಳಿಗಳ ಕೆಳಗೆ. ಶೆಡ್ಡಿನಲ್ಲಿ ಇಡೀ ಮನೆಯಿತ್ತು. ಅದಕ್ಕೆ ಹತ್ತಲು ಮೆಟ್ಟಿಲು ಇರಲಿಲ್ಲ.

"ಕಟ್ಟೋರು ಮೆಟ್ಟಿಲು ಕೊನೇಗೆ ಇಡೋದು," ಎಂದು ಗಾರೆ ಮಾವ ಗೊಣಗಿದರು. "ಇವನ ಲೆಕ್ಕದಲ್ಲಿ ಅದು ಮೊದಲು ಬರತ್ತೆ. ಗೋಡೆ ಇಲ್ಲದ ಮನೆಗೆ ಮೊದಲು ಮೆಟ್ಟಿಲು! ಎಲ್ಲಿಟ್ಟಿದಾನೆ ಅದನ್ನ..." ಮಾತು ಅಲ್ಲಿಗೇ ನಿಂತಿತು. ಅವರು ತಮ್ಮ ಬರಿಗಾಲನ್ನು ನೋಡಿಕೊಂಡರು. ಒಂದು ಚಪ್ಪಲಿ ಬೆಳಗಿನಿಂದ ಅವರ ಕಾಲಲ್ಲಿರಲಿಲ್ಲ.

*

ಲಾರಿ ಮನೆಯ ಬಾಗಿಲಿಗೆ ಬಂದು ನಿಂತಾಗ ಸಂಜೆಯ ಬಿಸಿಲು ಇನ್ನೂ ಬೀದಿಯಲ್ಲಿತ್ತು. ಅಮ್ಮ ಹೊರಗೆ ಬಂದರು. "ಏನಿದು? ಯಾರು ಲಾರಿ ಇಲ್ಲಿಗೆ ತಂದಿದ್ದು?"

"ಅಮ್ಮ, ಅಪ್ಪನ ಹಾರೆ ಎಲ್ಲಿದೆ?" ಎಂದಳು ಗಿಳಿ.

"ಬಾಗಿಲ ಹಿಂದೆ. ಅವರು ಇಟ್ಟಲ್ಲೇ. ಹೋದ ತಿಂಗಳು ಅದನ್ನ ಕೊಡು ಕೊಡು ಅಂತ ಸನ್ನೆ ಮಾಡಿ ಅತ್ತುಬಿಟ್ರು. ಕುರ್ಚಿ ಹಾಕಿ ಇಲ್ಲೇ ಕೂರಿಸಿ ಕೊಟ್ಟೆ. ನಾನು ಔಷಧಿ ತಂದು ನೋಡೋ ಹೊತ್ತಿಗೆ ಬೀದಿ ಹುಡುಗರ ಕೈಲಿ ಕಲ್ಲೆತ್ತಿಸಿ, ಎಡಗೈಯೆಲ್ಲ ಕಪ್ಪು ಬಣ್ಣ ಮಾಡ್ಕೊಂಡಿದ್ರು. ಏನಂತ ಕೇಳ್ಲಿ, ಯಾರನ್ನ ಕೇಳ್ಲಿ?"

ಗಾರೆ ಮಾವ ತಮ್ಮ ಚಪ್ಪಲಿಯನ್ನು ಎಳೆದುಕೊಂಡರು. ಅಣ್ಣ ಹಾರೆಯ ತುದಿಯನ್ನು ಕಲ್ಲಿನ ಅಡಿಗೆ ಕೊಟ್ಟ. ಹಿಡಿಯುವುದು ಗೊತ್ತಾಗದೆ ಎರಡು ಸಲ ಜಾರಿತು. ಮೂರನೆಯ ಸಲ ಚಾಲಕನೂ ಕೈ ಸೇರಿಸಿದ. ಗಿಳಿ "ನಿಧಾನ" ಎಂದಳು, ತನ್ನ ದನಿಯಲ್ಲಿಯೇ. ಕಲ್ಲು ಎದ್ದಿತು, ಅಂಚಿನ ಮೇಲೆ ಒಂದು ಗಳಿಗೆ ನಿಂತಿತು, ಮಗುಚಿಕೊಂಡಿತು.

ಹೊಟ್ಟೆಯ ತುಂಬ ಅಂಕಿಗಳಿದ್ದವು. ಕರಿಯ ಬಣ್ಣದ ಅಂಕಿಗಳು, ಒಂದರ ಕೆಳಗೊಂದು. ಎಲ್ಲಕ್ಕಿಂತ ಮೇಲೆ ಮಾಸಿಹೋದ ೨, ಹೊಡೆದು ಹಾಕಿತ್ತು. ೯, ಹೊಡೆದು ಹಾಕಿತ್ತು. ೩೧. ೫೮. ೧೧೪. ಶೆಡ್ಡಿಗೆ ಒಂದೊಂದು ಸಾಮಾನು ಸೇರಿದಂತೆಲ್ಲ ಕೊನೆಯ ಕಲ್ಲು ಒಂದೊಂದು ಹೆಜ್ಜೆ ಹಿಂದೆ ಸರಿದಿತ್ತು. ಮೂವತ್ತು ವರ್ಷ, ಪ್ರತಿ ಸಲವೂ ಎತ್ತಿ, ಹೊಡೆದು, ಬರೆದು, ಮತ್ತೆ ಮಗುಚಿ ಇಟ್ಟಿದ್ದರು. ೨೦೭. ೨೬೦. ಕೈಬರಹ ಒಂದೇ, ನೆಟ್ಟಗಿನ ಗೆರೆ, ತೂಗುಗುಂಡು ಹಿಡಿದು ಬರೆದಂತೆ. ಎಲ್ಲಕ್ಕಿಂತ ಕೆಳಗೆ ಒಂದು ಮಾತ್ರ ಬೇರೆಯಾಗಿತ್ತು. ಆಗತಾನೆ ಬರೆಯಲು ಕಲಿತ ಮಗುವಿನ ಕೈಯಂತೆ ಅಡ್ಡಾದಿಡ್ಡಿಯಾಗಿ, ಎಡಗೈಯಲ್ಲಿ, ಬಣ್ಣ ಸೋರಿಸಿಕೊಂಡು: ೩೧೨. ಅದನ್ನು ಹೊಡೆದು ಹಾಕಿರಲಿಲ್ಲ.

ಪಾಲಕರು ಟೋಪಿ ತೆಗೆದರು. ಟೀಚರಮ್ಮ ಅಂಕಿಗಳನ್ನು ಮೇಲಿನಿಂದ ಕೆಳಗೆ, ತುಟಿ ಅಲ್ಲಾಡಿಸುತ್ತ, ಒಂದನ್ನೂ ಬಿಡದೆ ಓದುತ್ತಿದ್ದರು.

ಅಮ್ಮ ಮಾತ್ರ ಕಲ್ಲನ್ನು ನೋಡಲಿಲ್ಲ. ಕಲ್ಲು ಎದ್ದ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು, ತಂಪಾದ ಹಸಿಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದರು. ಆ ಬದಿ ನೋಡಿದರು, ಈ ಬದಿ ನೋಡಿದರು.

"ಒಂದು ಇರುವೇನೂ ಇಲ್ವಲ್ಲೇ ಇಲ್ಲಿ," ಎಂದರು.